ನಿಲ್ಲಬಾರದ ಹಡಗು: ಕ್ವೀನ್ ಮೇರಿ ಮತ್ತು 1942ರ ಅಕ್ಟೋಬರ್ 2

ಎರಡನೇ ಮಹಾಯುದ್ಧದ ಉದ್ದಕ್ಕೂ ಕ್ವೀನ್ ಮೇರಿ ಹಡಗಿಗೆ ಶತ್ರುವಿನ ಒಂದೇ ಒಂದು ಟಾರ್ಪಿಡೊ ತಾಗಲಿಲ್ಲ. ಸುಮಾರು 8 ಲಕ್ಷ ಜನರನ್ನು ಹೊತ್ತು ಹತ್ತಿರ ಹತ್ತಿರ 6 ಲಕ್ಷ ಮೈಲಿ ಓಡಿದ ಹಡಗು ಅದು. ಅಷ್ಟು ಓಟದಲ್ಲಿ ಅದರ ಮೂತಿ ಜಜ್ಜಿಹೋದದ್ದು, ತನ್ನನ್ನೇ ಕಾಯಲು ಬಂದಿದ್ದ ಬ್ರಿಟಿಷ್ ಯುದ್ಧನೌಕೆಗೆ ಗುದ್ದಿದಾಗ. ಆ ನೌಕೆ ಎರಡು ಹೋಳಾಯಿತು. 337 ಮಂದಿ ಸತ್ತರು. ಕ್ವೀನ್ ಮೇರಿ ನಿಲ್ಲದೆ ಮುಂದೆ ಹೋಯಿತು.

ತಪ್ಪು ಯಾರದ್ದು ಎಂದು ಲಂಡನ್ನಿನ ನ್ಯಾಯಾಲಯಗಳು ವರ್ಷಗಟ್ಟಲೆ ವಿಚಾರಿಸಿದವು. ಆ ವಿಚಾರಣೆಗೂ ಬರುತ್ತೇನೆ. ಆದರೆ ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಬೇರೆಯೇ ಸಂಗತಿ. ವೇಗ ಇಳಿಸಬೇಡ, ನೇರ ಓಡಬೇಡ, ಏನೇ ಆದರೂ ನಿಲ್ಲಬೇಡ: ಈ ಮೂರು ಕಟ್ಟಪ್ಪಣೆಗಳೇ ಆ ಹಡಗನ್ನು ಯುದ್ಧದ ಕೊನೆಯವರೆಗೂ ಕಾಪಾಡಿದ್ದು. ಆ ಮಧ್ಯಾಹ್ನದ ಸಾವುಗಳ ಹಿಂದೆ ಇದ್ದದ್ದೂ ಅವೇ ಮೂರು.

ಹಡಗಿನ ಪೂರ್ವಾಶ್ರಮ

ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಜಾನ್ ಬ್ರೌನ್ ಕಂಪನಿಯ ಕಟ್ಟೆಯಲ್ಲಿ ಇದಕ್ಕೆ ಮೊದಲು ಹೆಸರೇ ಇರಲಿಲ್ಲ, 534 ಎಂಬ ನಂಬರ್ ಇತ್ತು ಅಷ್ಟೆ. 1931ರ ಡಿಸೆಂಬರಿನಲ್ಲಿ ಆರ್ಥಿಕ ಕುಸಿತದ ಹೊಡೆತಕ್ಕೆ ಕೆಲಸ ನಿಂತುಹೋಯಿತು. ಅರ್ಧ ಎದ್ದ ಕಬ್ಬಿಣದ ಒಡಲು ಎರಡು ವರ್ಷಕ್ಕೂ ಮಿಕ್ಕಿ ತುಕ್ಕು ಹಿಡಿಯುತ್ತ ನಿಂತಿತ್ತು. ಕೊನೆಗೆ ಸರ್ಕಾರ ಸಾಲ ಕೊಡಲು ಒಪ್ಪಿತು, ಒಂದು ಷರತ್ತಿನ ಮೇಲೆ: ಪರಸ್ಪರ ಪೈಪೋಟಿಯಲ್ಲಿ ಸೊರಗಿದ್ದ ಕ್ಯುನಾರ್ಡ್ ಮತ್ತು ವೈಟ್ ಸ್ಟಾರ್ ಕಂಪನಿಗಳು ಒಂದಾಗಬೇಕು. ಅವು ಒಂದಾದವು, 1934ರಲ್ಲಿ ಕೆಲಸ ಮತ್ತೆ ಶುರುವಾಯಿತು, ಅದೇ ಸೆಪ್ಟೆಂಬರ್ 26ರಂದು ರಾಣಿ ಮೇರಿ ತನ್ನ ಹೆಸರನ್ನೇ ಕೊಟ್ಟು ಹಡಗನ್ನು ನೀರಿಗಿಳಿಸಿದಳು. 1936ರ ಮೇ 27ರಂದು ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಮೊದಲ ಪ್ರಯಾಣ.

310 ಮೀಟರ್ ಉದ್ದ, 80 ಸಾವಿರ ಟನ್ನಿಗೂ ಹೆಚ್ಚು, 24 ಬಾಯ್ಲರ್, ನಾಲ್ಕು ಪ್ರೊಪೆಲರ್, 1,60,000 ಅಶ್ವಶಕ್ತಿ. ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಆಗಿನ ಹಡಗು ಕಂಪನಿಗಳು ಮಾರುತ್ತಿದ್ದದ್ದು ಮುಖ್ಯವಾಗಿ ವೇಗವನ್ನು. ಅಟ್ಲಾಂಟಿಕ್ ದಾಟುವ ದಾಖಲೆಗಾಗಿ ಫ್ರೆಂಚರ ನಾರ್ಮಂಡಿಗೂ ಇದಕ್ಕೂ ಜಿದ್ದಾಜಿದ್ದಿ ನಡೆದಿತ್ತು. 1938ರ ಆಗಸ್ಟಿನಲ್ಲಿ ಕ್ವೀನ್ ಮೇರಿ ಪೂರ್ವಕ್ಕೆ ಸರಾಸರಿ 31.69 ನಾಟ್, ಅಂದರೆ ಗಂಟೆಗೆ 58 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡಿ ಆ ದಾಖಲೆಯನ್ನು ಕಸಿದುಕೊಂಡಿತು. 1952ರವರೆಗೆ ಅದನ್ನು ಬಿಟ್ಟುಕೊಡಲಿಲ್ಲ. ಶ್ರೀಮಂತರ ಒಂದು ದಿನ ಉಳಿಸಲಿಕ್ಕೆಂದು ಕಟ್ಟಿದ ಈ ಎಂಜಿನ್ನುಗಳೇ ಮುಂದೆ ಸೈನಿಕರ ಪ್ರಾಣ ಉಳಿಸುವ ಸಾಧನವಾದವು.

1939ರ ಆಗಸ್ಟ್ 30ರಂದು ಸೌತಾಂಪ್ಟನ್ ಬಿಟ್ಟಾಗ ಹಡಗು ಕಿಕ್ಕಿರಿದಿತ್ತು. ನಡುಸಮುದ್ರದಲ್ಲಿರುವಾಗಲೇ, ಸೆಪ್ಟೆಂಬರ್ 3ರಂದು, ಯುದ್ಧ ಘೋಷಣೆಯಾಯಿತು. ಮರುದಿನ ನ್ಯೂಯಾರ್ಕ್ ತಲುಪಿ, ಹಳೆಯ ಪ್ರತಿಸ್ಪರ್ಧಿ ನಾರ್ಮಂಡಿ ತಂಗಿದ್ದಲ್ಲೇ ತಾನೂ ಲಂಗರು ಹಾಕಿತು. ಮೈಗೆ ಬೂದು ಬಣ್ಣ ಬಂತು. ಮುಂದಿನ ಮಾರ್ಚಿನಲ್ಲಿ ಸದ್ದಿಲ್ಲದೆ ಹೊರಟು, ಕೇಪ್‌ಟೌನ್ ಬಳಸಿ ಸಿಡ್ನಿ ಸೇರಿತು. ಅಲ್ಲಿ ರತ್ನಗಂಬಳಿ, ಪಿಂಗಾಣಿ, ಬೆಳ್ಳಿ ಪಾತ್ರೆಗಳೆಲ್ಲ ಇಳಿದು ಗೋದಾಮಿಗೆ ಹೋದವು, ಅವುಗಳ ಜಾಗಕ್ಕೆ ಮಂಚಗಳು ಬಂದವು.

ಮೊದಲ ಎರಡು ವರ್ಷ ಹೆಚ್ಚಾಗಿ ಆಸ್ಟ್ರೇಲಿಯಾದ ಸೈನಿಕರನ್ನು ಹೊತ್ತದ್ದು. 1940ರ ಮೇ ತಿಂಗಳಲ್ಲಿ ಸಿಡ್ನಿಯಿಂದ ಹೊರಟ ಬೆಂಗಾವಲು ಸಾಲಿನಲ್ಲಿ ಅಕ್ವಿಟೇನಿಯ, ಮಾರಿಟೇನಿಯ, ಎಂಪ್ರೆಸ್ ಆಫ್ ಬ್ರಿಟನ್ ಎಲ್ಲವೂ ಇದ್ದವು. ಒಂದು ಕಾಲದ ಐಷಾರಾಮಿ ಹಡಗುಗಳೆಲ್ಲ ಬೂದಿ ಬಳಿದುಕೊಂಡ ಸನ್ಯಾಸಿಗಳ ಹಾಗೆ ಸಾಲಾಗಿ ಹೊರಟ ನೋಟ ಅದು. ಉತ್ತರ ಅಟ್ಲಾಂಟಿಕ್‌ನ ಚಳಿಗೆಂದು ಕಟ್ಟಿದ ಹಡಗಿನೊಳಗೆ ಹಿಂದೂ ಮಹಾಸಾಗರದ ಸೆಕೆಯಲ್ಲಿ ಸೈನಿಕರು ಬೆಂದುಹೋದರು. 1941ರ ಫೆಬ್ರವರಿ 4ರಂದು ಆಸ್ಟ್ರೇಲಿಯಾದ 8ನೇ ಡಿವಿಷನ್ನಿನ 22ನೇ ಬ್ರಿಗೇಡ್ ಇದೇ ಹಡಗಿನಲ್ಲಿ ಸಿಡ್ನಿ ಬಿಟ್ಟಿತು. ಉಳಿದ ಹಡಗುಗಳು ಪಶ್ಚಿಮಕ್ಕೆ ಹೋದರೆ ಕ್ವೀನ್ ಮೇರಿ ಮಾತ್ರ ದಾರಿ ಬದಲಿಸಿ ಫೆಬ್ರವರಿ 18ರಂದು ಆ ಸೈನಿಕರನ್ನು ಸಿಂಗಪುರದಲ್ಲಿ ಇಳಿಸಿತು. ಒಂದು ವರ್ಷಕ್ಕೆ ಮೂರು ದಿನ ಬಾಕಿಯಿರುವಾಗ ಸಿಂಗಪುರ ಜಪಾನಿನ ಕೈಗೆ ಬಿತ್ತು, ಅವರಲ್ಲಿ ಬದುಕುಳಿದವರು ಸೆರೆಯಾದರು. ಸೈನ್ಯ ಸಾಗಣೆ ಹಡಗಿನ ಲೆಕ್ಕದ ಪುಸ್ತಕದಲ್ಲಿ ಅದು ಯಶಸ್ವಿ ಪ್ರಯಾಣವೇ.

ದೋಣಿ ಎಂಟು ಸಾವಿರಕ್ಕೆ, ಜನ ಹದಿನಾರು ಸಾವಿರ

ಅಮೆರಿಕ ಯುದ್ಧಕ್ಕಿಳಿದ ಕೂಡಲೇ ಪ್ರಶ್ನೆ ಎದ್ದಿತು: ಒಂದು ಸಲಕ್ಕೆ ಎಷ್ಟು ಜನರನ್ನು ತುಂಬಬಹುದು? ಅಮೆರಿಕದ ಸೇನಾ ಮುಖ್ಯಸ್ಥ ಜನರಲ್ ಮಾರ್ಷಲ್ ವಾಷಿಂಗ್ಟನ್ನಿನಲ್ಲಿ ಚರ್ಚಿಲ್ ಮುಂದೆ ಇದನ್ನೇ ಇಟ್ಟರು. ಪ್ರಾಣರಕ್ಷಕ ದೋಣಿ, ತೆಪ್ಪಗಳು ಸುಮಾರು 8,000 ಜನಕ್ಕೆ ಸಾಕು. ಆ ಲೆಕ್ಕ ಬಿಟ್ಟರೆ 16,000 ಜನರನ್ನು ಹತ್ತಿಸಬಹುದು. ಏನು ಮಾಡೋಣ? ಚರ್ಚಿಲ್ ಸಲಹೆ ಕೊಡಲಿಲ್ಲ. ನೇರವಾಗಿ ಯುದ್ಧ ಕಾರ್ಯಾಚರಣೆಯ ಭಾಗವಾಗಿದ್ದರೆ ನಾವು ಹಿಡಿಸಿದಷ್ಟು ತುಂಬುತ್ತೇವೆ, ಬರೀ ಸಾಗಣೆಯಾದರೆ ದೋಣಿ ಇರುವಷ್ಟೇ ಜನ, ನಿರ್ಧಾರ ನಿಮ್ಮದು ಎಂಬರ್ಥದ ಮಾತು ಹೇಳಿ ಸುಮ್ಮನಾದರು. ಮಾರ್ಷಲ್ ಆಗ ಏನೂ ಹೇಳಲಿಲ್ಲ. ಮುಂದೆ ಹಡಗನ್ನು ತುಂಬಿಯೇ ಕಳಿಸಿದರು.

ಇದು ಎದೆಗಾರಿಕೆಯ ಕಥೆಯಂತೆ ಕಾಣುತ್ತದೆ, ಆದರೆ ಇದರ ತಳದಲ್ಲಿರುವುದು ಲೆಕ್ಕ. ಆ ಕಾಲದ ಜರ್ಮನ್ ಸಬ್‌ಮರೀನ್ ನೀರಿನ ಮೇಲೆ ಹೆಚ್ಚೆಂದರೆ 17-18 ನಾಟ್ ಓಡುತ್ತಿತ್ತು, ನೀರೊಳಗೆ ಏಳೆಂಟು. 28 ನಾಟ್ ಮೀರಿ ಓಡುವ ಹಡಗನ್ನು ಅಟ್ಟಿಸಿಕೊಂಡು ಹಿಡಿಯುವ ಮಾತೇ ಇಲ್ಲ. ಮುಂದೆ ಕಾದು ಕೂತು ಎದುರಾದರೆ ಮಾತ್ರ ಗುರಿಯಿಡಬಹುದು. ಅದನ್ನು ತಪ್ಪಿಸಲು ಹಾವಿನ ಹಾಗೆ ಹೊರಳುತ್ತ ಓಡಬೇಕು. ಬೆಂಗಾವಲು ಹಡಗುಗಳು ಜೊತೆಗೆ ಬಂದರೆ ಅವುಗಳ ವೇಗಕ್ಕೆ ಇದು ತಗ್ಗಬೇಕಾಗುತ್ತದೆ, ಹಾಗಾಗಿ ನಡುಸಾಗರದಲ್ಲಿ ಒಂಟಿಯಾಗಿಯೇ ಓಡಾಟ. ಕಾಲಿಗೆ ಬುದ್ಧಿ ಹೇಳುವುದೇ ಈ ಹಡಗಿನ ಯುದ್ಧತಂತ್ರ. ನಿಂತರೆ ಅದು 310 ಮೀಟರ್ ಉದ್ದದ ಗುರಿ, ಒಳಗೆ ದೋಣಿಯಿಲ್ಲದ ಸಾವಿರಾರು ಜನ. ಆದ್ದರಿಂದಲೇ ನಿಲ್ಲಬಾರದೆಂಬ ಆಜ್ಞೆಗೆ ವಿನಾಯಿತಿ ಇರಲಿಲ್ಲ.

ಒಳಗಿನ ಬದುಕನ್ನೂ ಸ್ವಲ್ಪ ನೋಡಬೇಕು. ಕಬ್ಬಿಣದ ಪೈಪಿಗೆ ಕ್ಯಾನ್ವಾಸ್ ಬಿಗಿದ ಮಂಚಗಳನ್ನು ಒಂದರ ಮೇಲೊಂದು ಐದಾರು ಅಂತಸ್ತಿಗೆ ಏರಿಸಿದ್ದರು. ಈಜುಕೊಳದ ನೀರು ಬಸಿದು ಅಲ್ಲೂ ಮಂಚ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯೂ ಅಲ್ಲಿ ನಡೆಯುತ್ತಿರಲಿಲ್ಲ, ಹಾಸಿಗೆಯೇ ಪಾಳಿಯ ಮೇಲೆ ಸಿಗುತ್ತಿತ್ತು. ಬೇಸಿಗೆಯಲ್ಲಿ ಸರದಿ ಬಾರದವರು ಡೆಕ್ಕಿನ ಹಲಗೆಯ ಮೇಲೆ ಮಲಗಬೇಕು. ಚಳಿಗಾಲದಲ್ಲಿ ಡೆಕ್ ಮೇಲೆ ಮಲಗಿಸಲಾಗದೆ ಜನರ ಸಂಖ್ಯೆಯನ್ನೇ ಇಳಿಸುತ್ತಿದ್ದರು. ದಿನಕ್ಕೆ ಎರಡೇ ಊಟ, ಅದೂ ಆರು ಪಂಕ್ತಿ. ಮೊದಲ ಪಂಕ್ತಿಯವನ ಬೆಳಗಿನ ತಿಂಡಿಗೂ ಕೊನೆಯ ಪಂಕ್ತಿಯವನ ತಿಂಡಿಗೂ ಗಂಟೆಗಟ್ಟಲೆ ಅಂತರ. ಹಡಗನ್ನು ಕೆಂಪು, ಬಿಳಿ, ನೀಲಿ ಎಂದು ಮೂರು ವಲಯ ಮಾಡಿ, ಪ್ರತಿ ಸೈನಿಕನಿಗೂ ಒಂದು ಬಣ್ಣದ ಬಿಲ್ಲೆ ಕೊಟ್ಟಿದ್ದರು. ತನ್ನ ಬಣ್ಣದ ಗೆರೆ ದಾಟುವಂತಿಲ್ಲ. ಮಾಡಲು ಬೇರೆ ಕೆಲಸವಿಲ್ಲದವರು ಡೆಕ್ಕಿನ ಮರದ ಕಟಾಂಜನದ ಮೇಲೆ ಚಾಕುವಿನಿಂದ ತಮ್ಮ ಹೆಸರಿನ ಅಕ್ಷರ ಕೊರೆದರು. ಸೆನ್ಸಾರ್ ಆಗದೆ ಉಳಿದ ಬರಹ ಬಹುಶಃ ಅದೊಂದೇ.

ಅಕ್ಟೋಬರ್ 2

1942ರ ಸೆಪ್ಟೆಂಬರ್ 27ರಂದು ನ್ಯೂಯಾರ್ಕ್ ಬಿಟ್ಟ ಕ್ವೀನ್ ಮೇರಿಯಲ್ಲಿ ಅಮೆರಿಕದ 29ನೇ ಇನ್‌ಫೆಂಟ್ರಿ ಡಿವಿಷನ್ನಿನವರೂ ಸೇರಿ ಸುಮಾರು 10 ಸಾವಿರ ಸೈನಿಕರಿದ್ದರು. ಕ್ಯಾಪ್ಟನ್ ಸಿರಿಲ್ ಗಾರ್ಡನ್ ಇಲಿಂಗ್‌ವರ್ತ್. ಹೋಗಬೇಕಾದದ್ದು ಸ್ಕಾಟ್ಲೆಂಡಿನ ಗೂರಾಕ್‌ಗೆ. ಐರ್ಲೆಂಡಿನ ಉತ್ತರದ ಸಮುದ್ರಕ್ಕೆ ಬಂದಾಗ ಜರ್ಮನ್ ಬಾಂಬರ್ ವಿಮಾನಗಳ ಭಯ ಶುರುವಾಗುತ್ತದೆ. ವಿಮಾನಕ್ಕೆ 28 ನಾಟ್ ಏನೂ ಅಲ್ಲ. ಆದ್ದರಿಂದ ಕೊನೆಯ ಈ ಹಾದಿಗೆ ಬೆಂಗಾವಲು ಬರುತ್ತಿತ್ತು: ಕೆಲವು ಡಿಸ್ಟ್ರಾಯರ್‌ಗಳು, ಜೊತೆಗೆ ವಿಮಾನಗಳನ್ನು ಹೊಡೆಯುವ ತೋಪುಗಳಿದ್ದ ಕ್ಯೂರಸೋವ ಎಂಬ ಹಳೆಯ ಕ್ರೂಸರ್.

ಕ್ಯೂರಸೋವ ಹಿಂದಿನ ಮಹಾಯುದ್ಧದ ಕಾಲದ್ದು, 1917ರಲ್ಲಿ ನೀರಿಗಿಳಿದದ್ದು. ಸುಮಾರು 4,200 ಟನ್. ಅಂದರೆ ಕ್ವೀನ್ ಮೇರಿಯ ಇಪ್ಪತ್ತನೇ ಒಂದು ಪಾಲು. ಕ್ಯಾಪ್ಟನ್ ಜಾನ್ ಬೌಟ್‌ವುಡ್. ವಿಮಾನದಿಂದ ರಕ್ಷಿಸಬೇಕಾದರೆ ತೋಪುಗಳು ಹಡಗಿನ ಹತ್ತಿರವೇ ಇರಬೇಕು, ಹಾಗಾಗಿ ಕ್ರೂಸರ್ ದೂರ ನಿಲ್ಲುವ ಹಾಗಿಲ್ಲ. ಆದರೆ ಅದರ ಮುದಿ ಎಂಜಿನ್ನುಗಳಿಗೆ 25 ನಾಟ್ ದಾಟಲು ಆಗುತ್ತಿರಲಿಲ್ಲ.

ಇಲ್ಲಿ ಒಂದು ಕ್ಷಣ ನಿಂತು ಲೆಕ್ಕ ಹಾಕೋಣ, ಏಕೆಂದರೆ ಇಡೀ ಪ್ರಕರಣ ಇದರಲ್ಲಿದೆ. ಕ್ವೀನ್ ಮೇರಿ ಓಡುತ್ತಿದ್ದದ್ದು 28.5 ನಾಟ್, ಆದರೆ ನೇರವಾಗಿ ಅಲ್ಲ. 8ನೇ ನಂಬರಿನ ಅಂಕುಡೊಂಕು ಕ್ರಮ ಎಂದು ಅದಕ್ಕೆ ಹೆಸರು. ನಾಲ್ಕು ನಿಮಿಷ ನೇರ ಓಟ. ಆಮೇಲೆ ಬಲಕ್ಕೆ 25 ಡಿಗ್ರಿ ತಿರುಗಿ ಎಂಟು ನಿಮಿಷ. ಅಲ್ಲಿಂದ ಎಡಕ್ಕೆ 50 ಡಿಗ್ರಿ ತಿರುಗಿ ಎಂಟು ನಿಮಿಷ. ಮತ್ತೆ ನಾಲ್ಕು ನಿಮಿಷ ನೇರ, ಆಮೇಲೆ ಇದರ ತದ್ವಿರುದ್ಧ. ನಲವತ್ತು ನಿಮಿಷಕ್ಕೆ ಒಂದು ಸುತ್ತು. ಪ್ರತಿ ಬಾಗಿಗೂ ಹಡಗು ಮೂಲ ದಾರಿಯಿಂದ ಸುಮಾರು ಮೂರು ಕಿಲೋಮೀಟರ್ ಆಚೆ ಹೋಗಿ ವಾಪಸ್ ಬರುತ್ತದೆ. ಹೀಗೆ ಹೊರಳುವುದರಿಂದ ಮುನ್ನಡೆಯುವ ವೇಗ 26.5 ನಾಟ್‌ಗೆ ಇಳಿಯುತ್ತದೆ. ಕ್ಯೂರಸೋವ ಮುಂದೆ, ನೇರವಾಗಿ, 25 ನಾಟ್‌ನಲ್ಲಿ.

ವ್ಯತ್ಯಾಸ 1.5 ನಾಟ್. ಗಂಟೆಗೆ ಮೂರು ಕಿಲೋಮೀಟರಿಗೂ ಕಡಿಮೆ. ಊಟವಾದ ಮೇಲೆ ಅಡ್ಡಾಡುವವರ ನಡಿಗೆ. ಹಿಂದಿನ ದೈತ್ಯ ಮುಂದಿನ ಮುದುಕನನ್ನು ಹಿಂದೆ ಹಾಕುತ್ತಿದ್ದದ್ದು ಆ ನಿಧಾನದಲ್ಲಿ. ಎರಡೂ ಬ್ರಿಡ್ಜ್‌ಗಳಲ್ಲಿ, ಅಂದರೆ ಹಡಗು ನಡೆಸುವವರ ಕಟ್ಟೆಗಳಲ್ಲಿ, ನಿಂತವರಿಗೆ ಇನ್ನೊಂದು ಹಡಗು ಹೆಚ್ಚುಕಡಿಮೆ ಇದ್ದಲ್ಲೇ ಇದ್ದಂತೆ ಕಾಣುತ್ತಿತ್ತು. ಆದರೆ ಕ್ವೀನ್ ಮೇರಿ ಬಾಗು ತಿರುಗುವಾಗ ಇದೇ ನಿಧಾನ ಮಾಯವಾಗಿ, ಆ ಮೂತಿ ಗಂಟೆಗೆ 52 ಕಿಲೋಮೀಟರ್ ವೇಗದಲ್ಲಿ ಕ್ರೂಸರಿನ ದಾರಿಗೆ ಅಡ್ಡ ಬರುತ್ತಿತ್ತು. ಎರಡೂ ಹಡಗು ಸಮಸಮಕ್ಕೆ ಬರುವ ಹೊತ್ತೇ ಅಪಾಯದ ಹೊತ್ತು. ಸಮುದ್ರ ಬೇಕಾದಷ್ಟು ಅಗಲವಿತ್ತು, ಗೋಚರತೆ ಚೆನ್ನಾಗಿತ್ತು, ಹಗಲು ಬೆಳಕು.

ಬೌಟ್‌ವುಡ್ ಮೊದಲೇ ಸಂದೇಶ ಕಳಿಸಿದ್ದರು: ನನ್ನದು ಇದೇ ಗರಿಷ್ಠ ವೇಗ, ನೀವು ಮುಂದಾದ ಮೇಲೆ ನಾನು ನಿಮ್ಮ ಹಿಂಬದಿಗೆ ಸರಿಯುತ್ತೇನೆ. ಮಧ್ಯಾಹ್ನ 1:32ರ ಹೊತ್ತಿಗೆ ಕ್ವೀನ್ ಮೇರಿಯ ಬ್ರಿಡ್ಜ್‌ನಲ್ಲಿದ್ದ ಪಾಳಿಯ ಅಧಿಕಾರಿಗೆ ಕ್ರೂಸರ್ ತೀರಾ ಹತ್ತಿರವಾಯಿತೆನಿಸಿ, ಆತ ತಿರುವನ್ನು ಅರ್ಧಕ್ಕೇ ತಡೆದ. ಇಲಿಂಗ್‌ವರ್ತ್ ಒಪ್ಪಲಿಲ್ಲ. ಅಂಕುಡೊಂಕು ಓಟ ಮುಂದುವರಿಸು, ಬೆಂಗಾವಲು ಅವರಿಗೆ ಅಭ್ಯಾಸದ ಕೆಲಸ, ಅವರೇ ದಾರಿ ಬಿಡುತ್ತಾರೆ ಎಂದರು. ಕ್ಯಾಪ್ಟನ್ ಅಷ್ಟು ಹೇಳಿದ ಮೇಲೆ ಪಾಳಿಯವನು ಇನ್ನೊಮ್ಮೆ ತಡೆಯಲು ಹತ್ತು ಸಲ ಯೋಚಿಸುತ್ತಾನೆ. ನನ್ನ ಮಟ್ಟಿಗೆ ಅಪಘಾತ ನಡೆದದ್ದು ಆಗಲೇ, ಮಿಕ್ಕ ಅರ್ಧ ಗಂಟೆ ಅದು ತಲುಪಲು ತೆಗೆದುಕೊಂಡ ಸಮಯ.

ಆ ಕಡೆ ಬೌಟ್‌ವುಡ್ ನಂಬಿದ್ದದ್ದು ಸಮುದ್ರದ ಹಳೆಯ ನಿಯಮವನ್ನು: ಹಿಂದಿನಿಂದ ಬಂದು ಮುಂದೆ ಹೋಗುವ ಹಡಗೇ ದೂರ ಸರಿಯಬೇಕು. ಇಲಿಂಗ್‌ವರ್ತ್ ನಂಬಿದ್ದದ್ದು ಯುದ್ಧಕಾಲದ ರೂಢಿಯನ್ನು: ಕಾಯುವ ಹಡಗೇ ಕಾಯಿಸಿಕೊಳ್ಳುವ ಹಡಗಿನಿಂದ ದೂರವಿರಬೇಕು. ಕಿರಿದಾದ ಸೇತುವೆಯ ಎರಡೂ ತುದಿಯಲ್ಲಿ ಹೆಡ್‌ಲೈಟ್ ಹೊಡೆದು, ಅವನೇ ನಿಲ್ಲಿಸುತ್ತಾನೆ ಎಂದುಕೊಂಡು ನುಗ್ಗುವ ಇಬ್ಬರು ಡ್ರೈವರುಗಳನ್ನು ನಾವೆಲ್ಲ ಕಂಡಿದ್ದೇವೆ. ಇಬ್ಬರ ಬಳಿಯೂ ನ್ಯಾಯವಿರುತ್ತದೆ.

2:04ಕ್ಕೆ ಕ್ವೀನ್ ಮೇರಿ ಬಲಕ್ಕೆ ತಿರುಗಲು ಶುರುಮಾಡಿತು. ಕ್ರೂಸರ್ ಸ್ವಲ್ಪವೇ ಮುಂದೆ, ಸುಮಾರು 400 ಗಜ ದೂರದಲ್ಲಿತ್ತು. ಆ ವೇಗದಲ್ಲಿ ಕ್ವೀನ್ ಮೇರಿ ತನ್ನ ಪೂರ್ತಿ ಉದ್ದವನ್ನು ದಾಟಲು ಇಪ್ಪತ್ತೊಂದು ಸೆಕೆಂಡು ಸಾಕು. ಅಪಾಯ ಅರಿವಾದಾಗ ಎರಡೂ ಕಡೆ ಚುಕ್ಕಾಣಿಯನ್ನು ಪೂರ್ತಿ ತಿರುಗಿಸಲು ಕೂಗಿದರು. 80 ಸಾವಿರ ಟನ್ನಿನ ಹಡಗು ಚುಕ್ಕಾಣಿಯ ಮಾತು ಕೇಳುವಷ್ಟರಲ್ಲಿ ಮೂತಿ ಕ್ಯೂರಸೋವದ ನಡುವಿಗೆ ಹೊಕ್ಕಿತ್ತು. ಕ್ರೂಸರ್ ಎರಡಾಗಿ ಸೀಳಿತು. ಹಿಂಭಾಗ ಆಗಿಂದಾಗಲೇ ಮುಳುಗಿತು, ಮುಂಭಾಗ ಇನ್ನು ಕೆಲವು ನಿಮಿಷ ತೇಲಿತು. ಕ್ವೀನ್ ಮೇರಿಯ ಒಳಗಿದ್ದ ಸೈನಿಕರಲ್ಲಿ ಹಲವರಿಗೆ ಗೊತ್ತಾದದ್ದು ದೊಡ್ಡದೊಂದು ಅಲೆಗೆ ಬಡಿದಂಥ ಕುಲುಕು ಮಾತ್ರ.

ಮೂತಿ ಒಡೆದು ನೀರು ನುಗ್ಗಿದರೂ ಅದರ ಹಿಂದಿನ ಗೋಡೆ ತಡೆಯಿತು. ವೇಗ ತಗ್ಗಿಸಿಕೊಂಡು ಹಡಗು ಮುಂದೆ ಸಾಗಿತು. ನೀರಿನಲ್ಲಿ ಎಣ್ಣೆಯ ನಡುವೆ ಕೈಬೀಸುತ್ತಿದ್ದವರನ್ನು ಬಿಟ್ಟು ಹೋಗುವ ಆಜ್ಞೆ ಇಲಿಂಗ್‌ವರ್ತ್ ಕಂಡುಹಿಡಿದದ್ದಲ್ಲ, ಮೊದಲೇ ಬರೆದಿಟ್ಟದ್ದು. ಒಳಗಿದ್ದ 10 ಸಾವಿರ ಜನರನ್ನು ನೆನೆದರೆ ಅದನ್ನು ಪಾಲಿಸಿದ್ದು ಸರಿಯೆಂದೇ ನನಗೂ ಅನಿಸುತ್ತದೆ. ಮುಂದೆ ಹೋಗಿದ್ದ ಬೆಂಗಾವಲಿನಿಂದ ಬ್ರಾಮ್‌ಹ್ಯಾಮ್ ಮತ್ತು ಇನ್ನೊಂದು ಡಿಸ್ಟ್ರಾಯರ್ ಹಿಂತಿರುಗಿ ಬರುವಷ್ಟರಲ್ಲಿ ಗಂಟೆಗಳೇ ಕಳೆದಿದ್ದವು. ಉಳಿದವರು 101, ಅವರಲ್ಲಿ ಬೌಟ್‌ವುಡ್ ಒಬ್ಬರು.

ಮೂರನೇ ಒಂದು ಪಾಲು

ಕಂಡವರಿಗೆಲ್ಲ ಬಾಯಿಬಿಡದಂತೆ ತಾಕೀತಾಯಿತು. ಯುದ್ಧ ಮುಗಿಯುವವರೆಗೆ ಸುದ್ದಿ ಹೊರಬೀಳಲಿಲ್ಲ. ಕ್ವೀನ್ ಮೇರಿಯ ಮೂತಿಗೆ ಸ್ಕಾಟ್ಲೆಂಡಿನಲ್ಲಿ ಸಿಮೆಂಟ್ ಮೆತ್ತಿ, ಪೂರ್ತಿ ರಿಪೇರಿಗೆ ಬಾಸ್ಟನ್ನಿಗೆ ಕಳಿಸಿದರು. ಡಿಸೆಂಬರಿನಲ್ಲಿ ಹಡಗು ಮತ್ತೆ ಸೂಯೆಜ್ ದಾರಿಯಲ್ಲಿತ್ತು, ಆಸ್ಟ್ರೇಲಿಯಾದ 9ನೇ ಡಿವಿಷನ್ನನ್ನು ಊರಿಗೆ ಮುಟ್ಟಿಸುವ ಕೆಲಸಕ್ಕೆ.

ಮುಂದಿನ ವರ್ಷವೇ ಅದರ ಕೆಲಸ ಉತ್ತುಂಗಕ್ಕೇರಿತು. 1943ರ ಮೇ ತಿಂಗಳಲ್ಲಿ ಚರ್ಚಿಲ್ ಕರ್ನಲ್ ವಾರ್ಡನ್ ಎಂಬ ಸುಳ್ಳು ಹೆಸರಿನಲ್ಲಿ ಅಮೆರಿಕಕ್ಕೆ ಹೋದದ್ದು ಇದರಲ್ಲೇ. ಕೆಳಗಿನ ಡೆಕ್ಕುಗಳಲ್ಲಿ ಜರ್ಮನ್ ಯುದ್ಧಕೈದಿಗಳು, ಮೇಲಿನ ಕ್ಯಾಬಿನ್ನುಗಳಲ್ಲಿ ಬ್ರಿಟಿಷ್ ಸೇನಾ ಮುಖ್ಯಸ್ಥರು. ಅವರ ನಡುವೆ ಭಾರತದ ಸೇನಾಧಿಪತಿ ವೇವೆಲ್ ಕೂಡ ಇದ್ದರು, ಬರ್ಮಾದ ಯುದ್ಧದ ಬಗ್ಗೆ ವಾಷಿಂಗ್ಟನ್ನಿನಲ್ಲಿ ಉತ್ತರ ಹೇಳಲು. ಮುಂದಿನ ತಿಂಗಳು ಅವರನ್ನೇ ವೈಸರಾಯ್ ಎಂದು ಘೋಷಿಸಿದರು. ಅದೇ ಜುಲೈ 25ರಂದು ನ್ಯೂಯಾರ್ಕಿನಿಂದ ಹೊರಟಾಗ ಹಡಗಿನಲ್ಲಿದ್ದವರು ಸಿಬ್ಬಂದಿಯೂ ಸೇರಿ 16,683. ಒಂದೇ ಹಡಗಿನಲ್ಲಿ ಅಷ್ಟು ಜನ ಅಟ್ಲಾಂಟಿಕ್ ದಾಟಿದ್ದು ಅದಕ್ಕೂ ಮುಂಚೆ ಇಲ್ಲ. ಈಗಲೂ ಓಟ ಒಂಟಿಯಾಗಿಯೇ, ಅಂಕುಡೊಂಕಾಗಿಯೇ.

ಇತ್ತ ಬ್ರಿಟಿಷ್ ನೌಕಾಪಡೆಯನ್ನು ನಡೆಸುವ ಇಲಾಖೆಯಾಗಿದ್ದ ಅಡ್ಮಿರಾಲ್ಟಿ 1943ರ ಸೆಪ್ಟೆಂಬರಿನಲ್ಲೇ ಕ್ಯುನಾರ್ಡ್ ವೈಟ್ ಸ್ಟಾರ್ ಮೇಲೆ ದಾವೆ ಹೂಡಿತ್ತು. ವಿಚಿತ್ರ ನೋಡಿ: ಕೋರ್ಟಿನಲ್ಲಿ ಕಂಪನಿಯ ಮೇಲೆ ದಾವೆ, ಸಮುದ್ರದಲ್ಲಿ ಅದೇ ಕಂಪನಿಯ ಅದೇ ಹಡಗಿನಲ್ಲಿ ಪ್ರಧಾನಿಯ ಪ್ರಯಾಣ. ವಿಚಾರಣೆ ಯುದ್ಧ ಮುಗಿಯುವವರೆಗೆ ಕುಂಟಿತು. 1947ರ ಜನವರಿ 21ರಂದು ನ್ಯಾಯಮೂರ್ತಿ ಪಿಲ್ಚರ್ ಪೂರ್ತಿ ತಪ್ಪು ಕ್ಯೂರಸೋವದ ಅಧಿಕಾರಿಗಳದ್ದೆಂದು ತೀರ್ಪಿತ್ತರು. ಕಾಯುವವನು ದೂರವಿರಬೇಕಿತ್ತು ಎಂಬ ವಾದ ಗೆದ್ದಿತು. ಮೇಲ್ಮನವಿ ನ್ಯಾಯಾಲಯ ಇದನ್ನು ತಿದ್ದಿತು: ಮೂರರಲ್ಲಿ ಎರಡು ಪಾಲು ತಪ್ಪು ಅಡ್ಮಿರಾಲ್ಟಿಯದ್ದು, ಒಂದು ಪಾಲು ಕ್ಯುನಾರ್ಡಿನದ್ದು. ಮುಂದೆ ಅಪಾಯ ಕಾಣುತ್ತಿರುವಾಗ ಕಣ್ಣಿಟ್ಟು ನೋಡಿ ಹೊತ್ತಿಗೆ ಸರಿಯಾಗಿ ಏನಾದರೂ ಮಾಡುವ ಹೊಣೆ ದೊಡ್ಡ ಹಡಗಿಗೂ ಇತ್ತು ಎಂಬುದು ಆ ಒಂದು ಪಾಲಿನ ಅರ್ಥ. 1949ರ ಫೆಬ್ರವರಿಯಲ್ಲಿ, ಆಗ ದೇಶದ ಕೊನೆಯ ಮೇಲ್ಮನವಿ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನೇ ಎತ್ತಿಹಿಡಿಯಿತು.

ಮೂರಕ್ಕೊಂದು ಪಾಲು ಸರಿಯೇ, ಕಡಿಮೆಯೇ ಎಂದು ಜಗ್ಗಾಡಬಹುದು. 1:32ಕ್ಕೆ ತಿರುವನ್ನು ತಡೆದ ಆ ಪಾಳಿಯ ಅಧಿಕಾರಿಯ ಅನುಮಾನವನ್ನು ನೆನೆದಾಗ ನನಗೆ ಅದು ಕಡಿಮೆಯೆಂದೇ ತೋರುತ್ತದೆ. ಸರಿಯಾಗಿ ಕಂಡವನೊಬ್ಬ ಬ್ರಿಡ್ಜ್ ಮೇಲೆಯೇ ಇದ್ದ.

ಅಷ್ಟರಲ್ಲಿ ಕ್ವೀನ್ ಮೇರಿ ಬೂದು ಬಣ್ಣ ಕಳಚಿಯಾಗಿತ್ತು. 1946ರಲ್ಲಿ ಅಮೆರಿಕದ ಸೈನಿಕರನ್ನು ಮದುವೆಯಾದ ಸಾವಿರಾರು ಬ್ರಿಟಿಷ್ ಹೆಣ್ಣುಮಕ್ಕಳನ್ನು, ಅವರ ಕೂಸುಗಳನ್ನು ಗಂಡನ ಊರಿಗೆ ಬಿಟ್ಟು ಬಂದು ಸೇನೆಯ ಕೆಲಸ ಮುಗಿಸಿತು. 1947ರ ಜುಲೈ 31ರಂದು ಮತ್ತೆ ಟಿಕೆಟ್ ಕೊಂಡ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೊರಟಿತು. ಇಪ್ಪತ್ತು ವರ್ಷದ ನಂತರ ವಿಮಾನಗಳ ಮುಂದೆ ಸೋತು, 1967ರ ಡಿಸೆಂಬರ್ 9ರಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ತಲುಪಿತು. ಅಂದಿನಿಂದ ಅಲ್ಲೇ ನಿಂತಿದೆ, ಮುಂದೆ ಹೋಟೆಲಾಯಿತು.

ಕ್ಯೂರಸೋವದಲ್ಲಿ ಸತ್ತವರ ಪೈಕಿ ಕೆಲವರ ದೇಹಗಳು ಸ್ಕಾಟ್ಲೆಂಡಿನ ಪಶ್ಚಿಮ ದಡಕ್ಕೆ ತೇಲಿಬಂದವು, ಅವರಿಗೆ ಅಲ್ಲೇ ಮಣ್ಣಾಯಿತು. ಹೆಚ್ಚಿನವರ ಹೆಸರುಗಳಿರುವುದು ಚಾಥಮ್ ಮತ್ತು ಪೋರ್ಟ್ಸ್‌ಮತ್‌ನ ನೌಕಾ ಸ್ಮಾರಕಗಳಲ್ಲಿ. ಸಮುದ್ರ ಹಿಂದಕ್ಕೆ ಕೊಡದವರ ಹೆಸರು ಕೆತ್ತುವ ಕಲ್ಲುಗಳು ಅವು.